ಸಂತಮ್ಮನ ಬೆನ್ನ ಹಿಂದೆ

ಕೂದಲು ಸುಟ್ಟ ವಾಸನೆ ಯಾರಿಗೆ ಗೊತ್ತಿಲ್ಲ? ಒಲೆಯ ಮುಂದೆ ಬಗ್ಗಿ ಒಮ್ಮೆಯಾದರೂ ಮುಂಗುರುಳು ಸುಟ್ಟುಕೊಳ್ಳದ ಹೆಂಗಸು ಇರಲಿಕ್ಕಿಲ್ಲ. ಆದರೆ ಬೆಳ್ಳಿ ಕಾಯುವಾಗ ಆ ವಾಸನೆ ಬರಬಾರದು. ಬೆಳ್ಳಿ ಕಾದರೆ ಬೆಳ್ಳಿಯ ವಾಸನೆ, ಬೆಸುಗೆಗೆ ಹಚ್ಚಿದ ಬಿಳಿಗಾರ ಕರಗಿದರೆ ಬಿಳಿಗಾರದ ವಾಸನೆ. ಮದುವೆಗೆ ಮುಂಚಿನಿಂದಲೂ ಬೆಳ್ಳಿ ಕೆಲಸದ ಅದೇ ಮೇಜಿನ ಮುಂದೆ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ವಾಸನೆ ಮೂಗಿಗೆ ಬಡಿದಾಗ ಕಡ್ಡಿ ಮೊದಲು ತನ್ನ ತಲೆಯನ್ನೇ ತಡವಿಕೊಂಡಳು.

ತಲೆಗೆ ಏನೂ ಆಗಿರಲಿಲ್ಲ, ಬಟ್ಟೆ ಬಿಗಿಯಾಗಿ ಕಟ್ಟಿತ್ತು. ವಾಸನೆ ಬರುತ್ತಿದ್ದುದು ಇಟ್ಟಿಗೆ ತುಂಡಿನ ಮೇಲೆ ಕೆಂಪಗೆ ಕಾಯುತ್ತಿದ್ದ ಪದಕದಿಂದ. ಅದರ ಜಾಲರಿಯ ಸಂದಿಯಿಂದ ನೂಲಿನಷ್ಟು ಹೊಗೆ ಎದ್ದು, ಒಂದು ಸುತ್ತು ತಿರುಗಿ, ಇಲ್ಲವಾಯಿತು.

"ಯಾರ ತಲೆ ಬೋಳಿಸ್ತಾ ಇದ್ದೀಯೇ ಕಡ್ಡಿ?" ಎಂದು ಆಚೆ ಮೇಜಿನಿಂದ ಮೇಸ್ತ್ರಿ ಕೂಗಿದರು.

"ನಂದೇ ಮೇಸ್ತ್ರಿ, ಮುಂಗುರುಳು ಸುಟ್ಕೊಂಡೆ," ಎಂದಳು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಜಾರಿತಲ್ಲ ಎಂದು ಅವಳಿಗೇ ಆಶ್ಚರ್ಯ. ಜ್ವಾಲೆಯನ್ನು ಪಕ್ಕಕ್ಕೆ ಸರಿಸಿದಳು. ಬೆಸುಗೆ ಬಹಳ ಚೆನ್ನಾಗಿ ಕೂತಿತ್ತು.

ಕಡ್ಡಿ ಎನ್ನುವುದು ಅವಳ ಹೆಸರಲ್ಲ. ತಾನು ಎಳೆಯುವ ಬೆಳ್ಳಿ ತಂತಿಯಷ್ಟೇ ಸಣ್ಣಗಿದ್ದಾಳೆಂದು ಮೇಸ್ತ್ರಿ ಇಟ್ಟ ಅಡ್ಡಹೆಸರು ಅದು. ಮದುವೆಯಾದಾಗ ಆ ಹೆಸರು ಅವಳಿಗಿಂತ ಮುಂಚೆಯೇ ಗಂಡನ ಮನೆಗೆ ಹೋಗಿ ಕಾಲು ಚಾಚಿ ಕೂತಿತ್ತು. ಗಂಡ, ಭಾವ, ಓರಗಿತ್ತಿ ಎಲ್ಲರಿಗೂ ಅವಳು ಕಡ್ಡಿಯೇ. ಅತ್ತೆಗೆ ಮಾತ್ರ ಅವಳು ಇನ್ನೂ ಏನೂ ಆಗಿರಲಿಲ್ಲ. ಅತ್ತೆ ಅವಳನ್ನು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, ಅಡ್ಡಹೆಸರು ಹಿಡಿದೂ ಕರೆಯುತ್ತಿರಲಿಲ್ಲ. "ಏ, ಇಲ್ಲಿ ಬಾ" ಎನ್ನುತ್ತಿದ್ದರು, ಇಲ್ಲವೇ ಬರಿದೇ ನೋಡುತ್ತಿದ್ದರು. ಮಾತಿಗಿಂತ ಆ ನೋಟವೇ ಹೆಚ್ಚು ಕೆಲಸ ಮಾಡಿಸುತ್ತಿತ್ತು.

ಅಂಥ ಅತ್ತೆ ಹಿಂದಿನ ದಿನ ತಾವಾಗಿಯೇ ಅವಳ ಕೋಣೆಗೆ ಬಂದು, ಬಾಗಿಲು ಹಾಕಿ, ಕರವಸ್ತ್ರದ ಗಂಟು ಬಿಚ್ಚಿ ಈ ಪದಕವನ್ನು ಅವಳ ಅಂಗೈಯಲ್ಲಿಟ್ಟಿದ್ದರು.

ಮನೆಯಲ್ಲಿ ಇದಕ್ಕೆ ಸಂತಮ್ಮ ಎಂದೇ ಹೆಸರು. ಕೋಟಿನ ಗುಂಡಿಯಷ್ಟು ಅಗಲದ ಬೆಳ್ಳಿ ಪದಕ. ಸುತ್ತಲೂ ಎರಡೆಳೆ ಹೊಸೆದ ಸಣ್ಣ ತಂತಿಯನ್ನು ಬಳ್ಳಿಯಾಗಿ, ಎಲೆಯಾಗಿ ಬಗ್ಗಿಸಿ ಹೆಣೆದ ಜಾಲರಿ. ಮುಂದೆ ಪುಟ್ಟ ಗಾಜಿನ ಡಬ್ಬಿ. ಗಾಜಿನ ಕೆಳಗೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಸಾಸಿವೆಯ ಅರ್ಧದಷ್ಟು ಒಂದು ಚುಕ್ಕೆ, ಅದರಡಿ ಯಾರಿಗೂ ಓದಲಾಗದಷ್ಟು ಮಾಸಿದ ಹೆಸರಿನ ಚೀಟಿ. ಯಾವಳೋ ಸಂತಳ ಮೈಯ ಪವಿತ್ರ ಅವಶೇಷ ಒಳಗಿದೆ ಎಂದು ಮಾತ್ರ ಎಲ್ಲರಿಗೂ ಗೊತ್ತು. ಅವಳು ಯಾರು, ಎಲ್ಲಿಯವಳು ಎಂದು ಕೇಳಿದರೆ ಅತ್ತೆಯೂ "ಅವಳಿಗೆ ನಾವು ಯಾರು ಅಂತ ಗೊತ್ತಲ್ಲ, ಸಾಕು" ಎನ್ನುತ್ತಿದ್ದರು. ಬೆನ್ನಿಗೆ ತೆಳು ತಗಡಿನ ಮುಚ್ಚಳ, ಅದನ್ನು ಹಿಡಿದುಕೊಳ್ಳಲು ಇರುವೆಯ ಕಾಲಿನಂಥ ಕೊಕ್ಕೆಗಳು. ಹೆರಿಗೆ ನೋವು ಶುರುವಾದೊಡನೆ ಅತ್ತೆಯ ತವರಿನ ಹೆಂಗಸರು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರಂತೆ. ಅತ್ತೆಯ ಅಜ್ಜಿ, ಅಮ್ಮ, ಕೊನೆಗೆ ಅತ್ತೆಯೂ.

ಹಿರಿಸೊಸೆಗೆ ಮಾತ್ರ ಅದು ಸಿಕ್ಕಿರಲಿಲ್ಲ. ಅವಳು ಮನೆಗೆ ಬರುವ ಹೊತ್ತಿಗೆ ಪದಕದ ಕೊಂಡಿ ಕಿತ್ತುಹೋಗಿ ಒಂದು ಪಕ್ಕದ ಜಾಲರಿ ಬಿಟ್ಟುಕೊಂಡಿತ್ತು. ಹೊರಗಿನ ಅಕ್ಕಸಾಲಿಗಳ ಕೈಗೆ ಕೊಡಲು ಅತ್ತೆ ಸುತರಾಂ ಒಪ್ಪಿರಲಿಲ್ಲ. ಹಿರಿಸೊಸೆ ಎರಡು ಸಲ ಬಸುರಾಗಿ ಎರಡು ಸಲವೂ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದಳು. ಡಾಕ್ಟರು ಏನೇನೋ ಕಾರಣ ಹೇಳಿದರು. ಅವಳ ತಲೆಗೆ ಹೋದ ಕಾರಣ ಒಂದೇ: ಸಂತಮ್ಮ ಡ್ರಾಯರಿನಲ್ಲಿ ಇದ್ದಳು, ಕೊರಳಲ್ಲಿ ಇರಲಿಲ್ಲ. ಈಗ ಮೂರನೆಯದು, ತಿಂಗಳು ತುಂಬಿದೆ. ಮನೆಯೊಳಗೇ ಒಬ್ಬಳು ಬೆಳ್ಳಿ ಕೆಲಸದವಳು ಬಂದಿದ್ದಾಳೆ. ಇನ್ನೇನು ನೆಪ?

"ಬೆಂಕಿ ತಾಗಿಸ್ಬೇಡ ಸಂತಮ್ಮನಿಗೆ," ಎಂದಿದ್ದರು ಅತ್ತೆ.

"ಗಾಜಿನ ಡಬ್ಬಿ ಹೊರಗೆ ತೆಗೆದಿಟ್ಟೇ ಬೆಸುಗೆ ಹಾಕೋದು ಅತ್ತೆ. ಸಂತಮ್ಮನ ಕೂದಲೂ ಕೊಂಕಲ್ಲ, ನೋಡ್ತಿರಿ."

ಕೂದಲು ಎಂದಾಗ ಅತ್ತೆ ಸರಕ್ಕನೆ ತಲೆಯೆತ್ತಿದ್ದು ಯಾಕೆಂದು ಆಗ ಅವಳಿಗೆ ಹೊಳೆಯಲಿಲ್ಲ. "ಹಿಂದಿನ ಮುಚ್ಚಳ ಬಿಚ್ಬೇಡ. ಕೊಂಡಿ ಇರೋ ಕಡೆ ಮಾತ್ರ ಕೆಲಸ. ತಿಳೀತಾ?" ಎಂದು ಎದ್ದುಹೋದರು.

ಕೊಂಡಿ ಇರುವ ಕಡೆ ಮಾತ್ರ! ಹೇಳುವುದು ಸುಲಭ. ದಪ್ಪ ಬಳೆಯಾದರೆ ಒಡೆದ ಜಾಗಕ್ಕೆ ಮಾತ್ರ ಬೆಂಕಿ ಹಿಡಿಯಬಹುದು. ಜಾಲರಿಗೆ ಹಾಗೆ ಒಂದೇ ಕಡೆ ಬೆಂಕಿ ಕೊಟ್ಟರೆ ತಂತಿ ಕರಗಿ ಗುಂಡಗೆ ಮುದುಡಿಕೊಳ್ಳುತ್ತದೆ. ಇಡೀ ಒಡವೆಯನ್ನು ಸಮನಾಗಿ ಕಾಯಿಸಬೇಕು, ಎಲ್ಲ ಕಡೆಯೂ ಒಂದೇ ಕೆಂಪಿಗೆ ಬಂದಾಗ ಬೆಸುಗೆ ಪುಡಿ ತಾನಾಗಿ ಹರಿದು ಬಿಟ್ಟ ಕಡೆ ಕೂರುತ್ತದೆ. ಇದು ಕೆಲಸದವರಿಗೆ ಉಸಿರಾಟದಷ್ಟು ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದೇ ಎಡವಟ್ಟು. ಕಡ್ಡಿ ಗಾಜಿನ ಡಬ್ಬಿಯನ್ನು ಬಿಚ್ಚಿ ಹತ್ತಿಯ ಮೇಲೆ ಮಲಗಿಸಿದಳು, ಅತ್ತೆಯ ಮಾತಿನಂತೆ ಹಿಂದಿನ ಮುಚ್ಚಳವನ್ನು ಮುಟ್ಟಲಿಲ್ಲ, ಇಡೀ ಪದಕವನ್ನು ಬೆಂಕಿಗೆ ಒಡ್ಡಿದಳು.

ಈಗ ಇಟ್ಟಿಗೆಯ ಮೇಲೆ ಪದಕ ಕಪ್ಪಗಾಗುತ್ತಿತ್ತು. ಅವಳ ಬುದ್ಧಿ ಕಲ್ಲಾಗಿತ್ತು. ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ದಿನವೂ ಮಾಡುವಂತೆ ಚಿಮಟದಿಂದ ಪದಕ ಎತ್ತಿ ಆಮ್ಲದ ನೀರಿಗೆ ಇಳಿಬಿಟ್ಟಳು. ಚುಂಯ್ ಎಂದಿತು. ಜಾಲರಿಯಿಂದ ಒಂದಿಷ್ಟು ಕಪ್ಪು ನೀರು ಹೊರಬಂದು ಹರಡಿಕೊಂಡಿತು. ಕೈ ಅದನ್ನು ತೆಗೆದು ನಲ್ಲಿಯ ಕೆಳಗೆ ಹಿಡಿಯಿತು, ಬ್ರಷ್ಷಿನಿಂದ ಉಜ್ಜಿತು, ಮತ್ತೊಮ್ಮೆ ತೊಳೆಯಿತು. ಕಪ್ಪೆಲ್ಲ ಬಚ್ಚಲ ತೂತಿನಲ್ಲಿ ಸುತ್ತಿ ಕೆಳಗಿಳಿದ ಮೇಲೆ ಅವಳಿಗೆ ತಾನೇನು ಮಾಡಿದೆನೆಂಬುದು ಹೊಳೆಯಿತು. ಅಯ್ಯೋ ದೇವರೇ, ಆ ಬೂದಿಯನ್ನಾದರೂ ಹಿಡಿದಿಟ್ಟುಕೊಳ್ಳಬಹುದಿತ್ತು!

ಆಗ ಬಿಚ್ಚಿದಳು. ಬಿಚ್ಚಬೇಡ ಎಂದಿದ್ದ ಮುಚ್ಚಳದ ಕೊಕ್ಕೆಗಳನ್ನು ಸೂಜಿಯಿಂದ ಒಂದೊಂದಾಗಿ ಎಬ್ಬಿಸಿದಳು. ಮುಚ್ಚಳದ ಹಿಂದೆ ಬೇಳೆಯಷ್ಟು ಆಳದ ಗೂಡು. ಅದರ ತಳ ಬೆಳ್ಳಗೆ, ಹೊಸದಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಅಷ್ಟು ಚೊಕ್ಕ ಕೆಲಸ ಅವಳು ಬೇರೆ ಯಾವತ್ತೂ ಮಾಡಿರಲಿಲ್ಲ.

ಹತ್ತಿಯ ಮೇಲಿದ್ದ ಗಾಜಿನ ಡಬ್ಬಿಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಕೆಂಪು ಬಟ್ಟೆಯ ಮೇಲಿನ ಚುಕ್ಕೆ ಮೂಳೆಯೂ ಇರಬಹುದು, ಮೇಣದ ಹನಿಯೂ ಇರಬಹುದು. ನೋಡಿದಷ್ಟೂ ಮೇಣದಂತೆಯೇ ಕಂಡಿತು. ಹಾಗಾದರೆ ಮುಂದೆ ಇರುವುದು ಬರೀ ಹೆಸರು. ಸಂತಮ್ಮ ಇದ್ದದ್ದು ಹಿಂದೆ. ಅದಕ್ಕೇ ಅತ್ತೆ ಮುಚ್ಚಳ ಬಿಚ್ಚಬೇಡ ಎಂದದ್ದು. ಸಂತಳ ಕೂದಲಿನ ಎಳೆ ಅಲ್ಲಿತ್ತು, ಎಷ್ಟೋ ತಲೆಮಾರಿನ ಹೆಂಗಸರ ಹೆರಿಗೆ ಕಾಯ್ದ ಕೂದಲು, ಅದನ್ನು ತಾನು ಸುಟ್ಟು, ತೊಳೆದು, ಚರಂಡಿಗೆ ಬಿಟ್ಟಿದ್ದೇನೆ. ಮೇಸ್ತ್ರಿ ಚಹಾ ತಂದಿಟ್ಟು ಏನೋ ತಮಾಷೆ ಮಾಡಿದರು, ಅವಳು ಹಲ್ಲು ಕಿರಿದಳು; ಏನು ತಮಾಷೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮುಚ್ಚಳ ಮುಚ್ಚಿ ಕೊಕ್ಕೆಗಳನ್ನು ಮಡಚಿದಳು. ಗಾಜಿನ ಡಬ್ಬಿಯನ್ನು ಅದರ ಜಾಗಕ್ಕೆ ಕೂರಿಸಿದಳು. ಪದಕ ಲಕಲಕ ಎನ್ನುತ್ತಿತ್ತು.

ಯಾರಿಗೆ ಹೇಳುವುದು? ಗಂಡನಿಗೆ ಹೇಳುವ ಹಾಗಿರಲಿಲ್ಲ. ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಮಾತು ಊಟ ಕರಗುವಷ್ಟು ಹೊತ್ತೂ ನಿಲ್ಲುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಚರ್ಚಿನ ಬಾಗಿಲು ತೆರೆದಿತ್ತು. ಪಾಪನಿವೇದನೆಯ ಗೂಡಿನೊಳಗೆ ಮುದಿ ಪಾದ್ರಿ ನೆಗಡಿಯಿಂದ ಸೊರಸೊರ ಎನ್ನುತ್ತ ಕೂತಿದ್ದರು. ಅವಳು ಪರದೆಯ ಈಚೆ ಮೊಣಕಾಲೂರಿದಳು.

"ಫಾದರ್, ನಾನು ಒಬ್ಬ ಸಂತಳನ್ನ ಸುಟ್ಟುಬಿಟ್ಟೆ."

ಆಚೆ ಕಡೆ ಸೊರಸೊರ ನಿಂತಿತು. "ಯಾವ ಸಂತಳನ್ನಮ್ಮ?"

"ಹೆಸರು ಓದಕ್ಕಾಗಲ್ಲ ಫಾದರ್. ಚೀಟಿ ಮಾಸಿಹೋಗಿದೆ."

ಇದ್ದದ್ದು ಇದ್ದ ಹಾಗೆ ಹೇಳಿದಳು. ಪಾದ್ರಿ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. "ನೋಡಮ್ಮ, ಮಗು ಕೊಡೋದು, ಕಾಪಾಡೋದು ದೇವರು. ಸಂತರು ನಮ್ಮ ಪರವಾಗಿ ಬೇಡ್ಕೊಳ್ತಾರೆ, ಅಷ್ಟೇ. ಅವರ ಅವಶೇಷ ಸುಟ್ಟುಹೋಯ್ತು ಅಂತ ಅವರು ಕೋಪ ಮಾಡ್ಕೊಂಡು ಕೂರಲ್ಲ. ಬೇಕು ಅಂತ ಮಾಡಿದ್ದಲ್ಲ, ಪಾಪ ಅಲ್ಲ."

"ಹಂಗಾದ್ರೆ ಹೋಗ್ಲಾ ಫಾದರ್?"

"ನಿಲ್ಲು. ಸುಟ್ಟಿದ್ದು ಪಾಪ ಅಲ್ಲ. ಮುಚ್ಚಿಡೋದು ಬೇರೆ. ನಿಮ್ಮತ್ತೆಗೆ ಹೋಗಿ ಹೇಳು. ಇವತ್ತೇ."

"ಹೆರಿಗೆ ಆದ್ಮೇಲೆ ಹೇಳ್ತೀನಿ ಫಾದರ್. ನಮ್ಮ ಓರಗಿತ್ತಿ ಅಕ್ಕ ಕೇಳಿದ್ರೆ ಎದೆ ಒಡ್ಕೊಂಡ್ಬಿಡ್ತಾಳೆ."

"ಅಕ್ಕನಿಗೆ ಹೇಳು ಅನ್ನಲಿಲ್ಲ. ಅತ್ತೆಗೆ ಹೇಳು ಅಂದೆ." ಮತ್ತೆ ಸೊರಸೊರ ಶುರುವಾಯಿತು.

ದೇವರಲ್ಲೇ ಶಕ್ತಿ ಇರುವುದು ಎಂದು ಅವಳಿಗೇನು ಗೊತ್ತಿಲ್ಲವೇ? ತಲೆಗೆ ಗೊತ್ತು. ಎದೆಗೆ ಗೊತ್ತಿರಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಹೇಳುತ್ತೇನೆ, ಹೇಳಿಬಿಡುತ್ತೇನೆ ಎಂದುಕೊಂಡು ಹತ್ತಿದಳು. ಬಾಗಿಲು ತೆರೆದದ್ದು ಹಿರಿಸೊಸೆ. ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದು ಕೈ ಆಗಲೇ ಮುಂದೆ ಚಾಚಿತ್ತು.

"ಆಯ್ತೇನೇ ಕಡ್ಡಿ? ಕೊಡೇ, ಕೊಡೇ, ನೋಡ್ತೀನಿ!"

ಕೊಟ್ಟಳು. ಇನ್ನೇನು ಮಾಡುತ್ತಾಳೆ? ಹಿರಿಸೊಸೆ ಪದಕವನ್ನು ಬೆಳಕಿಗೆ ಹಿಡಿದು, ಗಾಜಿಗೆ ಮುತ್ತಿಟ್ಟು, ಗೊಳೋ ಎಂದು ಅತ್ತುಬಿಟ್ಟಳು. ಅತ್ತು ಮುಗಿಸಿ ನಕ್ಕಳು. "ಇನ್ನು ನಂಗೆ ಭಯ ಇಲ್ಲ ಕಣೇ. ನಿನ್ನ ಕೈ ಬಂಗಾರ ಆಗ್ಲಿ," ಎಂದು ಕಡ್ಡಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆ ಕೈಯನ್ನು ಕಡಿದು ಹಾಕಿಬಿಡೋಣ ಎನ್ನಿಸಿತು ಕಡ್ಡಿಗೆ.

ಅತ್ತೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಪದಕವನ್ನು ಕೇಳಿ ತೆಗೆದುಕೊಂಡರು. ಮುಂದಿನ ಭಾಗವನ್ನು ನೋಡಲೇ ಇಲ್ಲ. ತಿರುಗಿಸಿ ಹಿಂದಿನ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು, ಜ್ವರ ಬಂದ ಮಗುವಿನ ಹಣೆ ಸವರುವ ಹಾಗೆ ನಿಧಾನಕ್ಕೆ ಸವರಿದರು. ಆಮೇಲೆ ಕಣ್ಣೆತ್ತಿದರು.

"ಬಿಚ್ಚಿಲ್ಲ ತಾನೆ?"

"ಇಲ್ಲ ಅತ್ತೆ."

ಅತ್ತೆಯ ನೋಟ ಅವಳ ಮುಖದ ಮೇಲೆ ಇನ್ನಷ್ಟು ಹೊತ್ತು ನಿಂತಿತು. "ಒಳ್ಳೇದು," ಎಂದರು ಅತ್ತೆ. ಅಷ್ಟೇ. ಮದುವೆಯಾದ ಮೇಲೆ ಅವರ ಬಾಯಿಂದ ಅವಳಿಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಅಲ್ಲಿಂದ ಮುಂದೆ ಕಡ್ಡಿಗೆ ಕೂತಲ್ಲಿ ನಿಂತಲ್ಲಿ ಕೆಂಡ. ಹಿರಿಸೊಸೆ ಎದ್ದರೆ ಭಯ, ಮಲಗಿದರೆ ಭಯ, "ಅಮ್ಮಾ" ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಸೊಂಟ ಹಿಡಿದುಕೊಂಡದ್ದಕ್ಕೆ ಅಮ್ಮಾ ಎಂದದ್ದು, ಅಷ್ಟೇ. ಊಟದ ತಟ್ಟೆಯ ಮುಂದೆ ಕೂತರೆ ಅದೇ ವಾಸನೆ, ಬಟ್ಟೆ ಇಸ್ತ್ರಿ ಮಾಡಿದರೆ ಅದೇ ವಾಸನೆ. ಹಿರಿಸೊಸೆಯಂತೂ ಗಡದ್ದಾಗಿ ಉಣ್ಣುತ್ತಿದ್ದಳು, ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದಳು. ಮೊದಲೆರಡು ಸಲ ಹೀಗಿರಲಿಲ್ಲ ಎಂದು ಭಾವ ಬೆರಗಾದ. "ಎಲ್ಲಾ ಸಂತಮ್ಮನ ದಯ, ನಮ್ಮ ಕಡ್ಡಿ ದಯ," ಎಂದು ಗಂಡ ಎಲ್ಲರೆದುರು ಹೆಂಡತಿಯ ಬೆನ್ನು ತಟ್ಟಿದ. ಅವಳ ಕೈಲಿದ್ದ ಲೋಟ ಬಿದ್ದು ಒಡೆಯಿತು. ಎಲ್ಲರೂ ನಕ್ಕರು, ಅತ್ತೆಯನ್ನು ಬಿಟ್ಟು.

ಹೇಳಬೇಕೆಂದು ಹೋಗಿದ್ದೂ ಉಂಟು. ಅತ್ತೆ ಬಟ್ಟೆ ಒಣಗಿಸುತ್ತಿದ್ದಾಗ ಹಿಂದೆ ಹೋಗಿ ನಿಂತಳು. "ಅತ್ತೆ..." ಎಂದಳು. ಅತ್ತೆ ತಿರುಗಿ ನೋಡಿದರು. "ಕ್ಲಿಪ್ಪು ಸಾಕಾ ಅತ್ತೆ, ಇನ್ನೂ ತರ್ಲಾ?" ಎಂದುಬಿಟ್ಟಳು. ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಕ್ಲಿಪ್ಪಿನ ಬುಟ್ಟಿ ತಂದಿಟ್ಟಳು.

ನೋವು ಬಂದದ್ದು ಭಾನುವಾರದ ಬೆಳಗ್ಗೆ. ನೋವಿನ ಹಿಂದೆಯೇ ರಕ್ತ ಬಂತು. ಅಷ್ಟು ರಕ್ತ ಬರಬಾರದೆಂದು ಹೇಳಲು ಡಾಕ್ಟರೇ ಬೇಕಿರಲಿಲ್ಲ. ಭಾವ ಹಾಸಿಗೆಯ ಚಾದರ ಸಮೇತ ಹೆಂಡತಿಯನ್ನು ಎತ್ತಿಕೊಂಡು ಕೆಳಗಿಳಿದ. ಕಾರಿನಲ್ಲಿ ಅವಳ ತಲೆ ಕಡ್ಡಿಯ ತೊಡೆಯ ಮೇಲೆ. ಬಿಳಿಚಿಕೊಂಡ ಕೊರಳಲ್ಲಿ ಪದಕ ಉಸಿರಿನೊಂದಿಗೆ ಏಳುತ್ತಿತ್ತು, ಬೀಳುತ್ತಿತ್ತು. ಹಿರಿಸೊಸೆ ಅದನ್ನು ಮುಷ್ಟಿಯಲ್ಲಿ ಹಿಡಿದು, "ಇದ್ದಾಳೆ, ಇದ್ದಾಳೆ, ಈ ಸಲ ಇದ್ದಾಳೆ," ಎಂದು ಗೊಣಗುತ್ತಿದ್ದಳು. ಕಡ್ಡಿಗೆ ಕಾರಿನ ಬಾಗಿಲು ತೆರೆದು ರಸ್ತೆಗೆ ಹಾರಿಕೊಳ್ಳೋಣ ಎನ್ನಿಸಿತು.

ಆಸ್ಪತ್ರೆಯ ಉದ್ದನೆಯ ಹಜಾರ, ಅದರ ಕೊನೆಗೆ ತಳ್ಳು ಬಾಗಿಲು. ಬಾಗಿಲ ಬಳಿ ನರ್ಸಮ್ಮ ಹಿರಿಸೊಸೆ ಮಲಗಿದ್ದ ತಳ್ಳುಗಾಡಿಯನ್ನು ತಡೆದಳು. "ಸರ, ಬಳೆ, ಕ್ಲಿಪ್ಪು, ಲೋಹ ಏನೂ ಒಳಗೆ ಬರೋ ಹಾಗಿಲ್ಲ. ತೆಗೀರಿ, ತೆಗೀರಿ, ಟೈಮಿಲ್ಲ."

"ಇದೊಂದು ಬಿಡಿ ಸಿಸ್ಟರ್, ಕೈ ಮುಗೀತೀನಿ," ಎಂದಳು ಹಿರಿಸೊಸೆ. ಅವಳ ಧ್ವನಿ ಆಗಲೇ ಎಲ್ಲೋ ದೂರದಿಂದ ಬರುತ್ತಿತ್ತು.

"ಅಮ್ಮಾ ತಾಯೀ, ಜೀವ ಮುಖ್ಯನೋ ಸರ ಮುಖ್ಯನೋ?" ನರ್ಸಮ್ಮ ಕೊಂಡಿ ಬಿಚ್ಚಿಯೇಬಿಟ್ಟಳು. ಅತ್ತೆ ಕೈ ಚಾಚಿದರು. ಆದರೆ ಹಿರಿಸೊಸೆ ತಲೆ ಹೊರಳಿಸಿ ಕಡ್ಡಿಯನ್ನು ಹುಡುಕಿದಳು. "ಅವಳ ಕೈಗೆ ಕೊಡಿ. ಸರಿ ಮಾಡಿದ್ದು ಅವಳು. ನೀನು ಹಿಡ್ಕೊ ಕಡ್ಡಿ, ನಾನು ಬರೋವರ್ಗೂ ಬಿಡ್ಬೇಡ ಕಣೇ." ಬಾಗಿಲು ಎರಡು ಸಲ ಓಲಾಡಿ ಮುಚ್ಚಿಕೊಂಡಿತು.

ಬಿಡಲಿಲ್ಲ. ಜಾಲರಿಯ ಅಚ್ಚು ಅಂಗೈಗೆ ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಒಂದು ಗಳಿಗೆ ಅವಳ ಮನಸ್ಸಿಗೆ ಬಂದ ಯೋಚನೆ ಏನೆಂದು ಹೇಳಿದರೆ ನಗಬಾರದು. ಈಗ ಏನಾದರೂ ಆದರೆ ಪದಕ ಕೊರಳಲ್ಲಿ ಇರಲಿಲ್ಲ ಎಂದಾಗುತ್ತದೆ, ತಪ್ಪು ನರ್ಸಮ್ಮನದ್ದಾಗುತ್ತದೆ! ಯೋಚನೆ ಬಂದ ಬೆನ್ನಿಗೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಳಗೆ ಒಬ್ಬಳು ಜೀವಕ್ಕೆ ಜೀವ ಒತ್ತೆಯಿಟ್ಟು ಮಲಗಿದ್ದಾಳೆ, ತಾನು ಇಲ್ಲಿ ಕೂತು ಜಾರಿಕೊಳ್ಳುವ ದಾರಿ ಹುಡುಕುತ್ತಿದ್ದೇನೆ. ಥೂ! ಸಂತಮ್ಮಾ, ನಿನ್ನನ್ನು ಸುಟ್ಟವಳು ನಾನು, ನನಗೆ ಏನು ಬೇಕಾದರೂ ಮಾಡು, ಅವಳನ್ನು ಮುಟ್ಟಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

ಪಕ್ಕದಲ್ಲಿ ಅತ್ತೆ ಜಪಸರದ ಮಣಿ ಸರಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ಕಣ್ಣು ಮಾತ್ರ ಕಡ್ಡಿಯ ಮುಷ್ಟಿಯ ಮೇಲಿತ್ತು. ಈಗ ಹೇಳಲೇ? ಈಗ ಹೇಳಿದರೆ ಈ ಮುದುಕಿ ಇಲ್ಲೇ ಕುಸಿಯುತ್ತಾರೆ. ಹೇಳದಿದ್ದರೆ, ಆಮೇಲೆ ಹೇಳಲು ಮುಖವೇ ಇರುವುದಿಲ್ಲ. ಭಾವ ಹಜಾರದ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ, ಅವನ ಅಂಗಿಯ ಮೇಲಿನ ರಕ್ತ ಒಣಗಿ ಕಂದಾಗುತ್ತಿತ್ತು. ತಳ್ಳು ಬಾಗಿಲು ತೆರೆಯಿತು, ಯಾರೋ ಬಾಟಲಿ ಹಿಡಿದು ಓಡಿದರು. ಮತ್ತೆ ತೆರೆಯಿತು, ಯಾರೂ ಅವರ ಕಡೆ ನೋಡಲಿಲ್ಲ.

ಮೂರನೆಯ ಸಲ ತೆರೆದಾಗ ನರ್ಸಮ್ಮ ಬಂದಳು. ಮುಖವಾಡ ಕೆಳಗೆ ಎಳೆದಿದ್ದಳು, ನಗುತ್ತಿದ್ದಳು.

"ಹೆಣ್ಣು ಮಗು. ತಾಯಿ ಸುಸ್ತಾಗಿದ್ದಾರೆ, ರಕ್ತ ಕೊಟ್ಟಿದೀವಿ, ಗಂಡಾಂತರ ಇಲ್ಲ. ಅಬ್ಬಾ, ಏನು ಕೂದಲು ರೀ ಆ ಮಗು ತಲೇಲಿ! ಬಾಚಣಿಗೆ ತಂದಿದ್ದೀರಾ?"

ಭಾವ ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಜಾರಿದ. ಕಡ್ಡಿ ಅತ್ತಳು, ನಕ್ಕಳು, ಗುರುತಿಲ್ಲದ ಯಾರದೋ ಅಜ್ಜಿಯನ್ನು ತಬ್ಬಿಕೊಂಡಳು. ಎಷ್ಟು ದಿನದಿಂದ ಎದೆಯ ಮೇಲೆ ಹೊತ್ತ ಚಪ್ಪಡಿ ದಡಾರನೆ ಕೆಳಗೆ ಬಿದ್ದಿತ್ತು. ಸಂತಮ್ಮ ಸುಟ್ಟರೂ ಸಂತಮ್ಮನೇ! ಪಾದ್ರಿ ಹೇಳಿದ್ದು ನಿಜ, ಅವಳು ಕೋಪ ಮಾಡಿಕೊಳ್ಳುವವಳಲ್ಲ. ಈಗ ಯಾರಿಗೆ ಬೇಕಾದರೂ ಹೇಳಬಹುದು. ಅತ್ತೆ ಎರಡು ಬೈದಾರು, ಬೈಯಲಿ. ಒಂದು ಏಟು ಕೊಟ್ಟಾರು, ಕೊಡಲಿ. ಮೊಮ್ಮಗಳ ಮುಖ ನೋಡಿದ ಮೇಲೆ ಯಾವ ಏಟು ತಾನೇ ನೋವಾಗುತ್ತದೆ?

ಅತ್ತೆ ಮಗುವನ್ನು ನೋಡಿ ಬಂದವರು ಬೆಂಚಿಗೆ ಬರಲಿಲ್ಲ. ಮೆಟ್ಟಿಲ ಬಳಿಯ ಕಿಟಕಿಯ ಹತ್ತಿರ ನಿಂತು, "ಏ ಮಗಾ, ಇಲ್ಲಿ ಬಾ," ಎಂದು ಕರೆದರು. ಮಗಾ! ಕಡ್ಡಿ ಹಾರಿಕೊಂಡೇ ಹೋದಳು.

"ಪದಕ ಎಲ್ಲಿ?"

"ಇಲ್ಲೇ ಇದೆ ಅತ್ತೆ."

"ಹಿಂದಿನ ಮುಚ್ಚಳ ಬಿಚ್ಚು." ಅತ್ತೆ ತಲೆಯಿಂದ ಪಿನ್ನು ಕಿತ್ತು ಕೊಟ್ಟರು. "ನಿಂಗೆ ಬರುತ್ತಲ್ಲ, ಬಿಚ್ಚು."

ಬಿಟ್ಟುಹೋಗಿದ್ದ ಭಯ ಕಾಲ ಬೆರಳಿಂದ ಮತ್ತೆ ಹತ್ತತೊಡಗಿತು. "ಯಾಕತ್ತೆ?"

ಅತ್ತೆ ಕಿಟಕಿಯ ಆಚೆ ನೋಡುತ್ತ ಮಾತಾಡಿದರು. ಅವರು ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ.

"ನಿಮ್ಮ ಭಾವನಿಗಿಂತ ಮುಂಚೆ ನಂಗೆ ಒಬ್ಬ ಹುಟ್ಟಿದ್ದ. ಯಾರಿಗೂ ಗೊತ್ತಿಲ್ಲ, ನನ್ನ ಮಕ್ಕಳಿಗೂ ಗೊತ್ತಿಲ್ಲ. ನಿಮ್ಮ ಮಾವನಿಗೆ ಆ ಮಾತು ಎತ್ತೋದು ಇಷ್ಟ ಇರ್ಲಿಲ್ಲ. ಜ್ಞಾನಸ್ನಾನದ ನೀರು ಆರೋಕೆ ಮುಂಚೆ ಹೋಗ್ಬಿಟ್ಟ. ತಲೆ ತುಂಬಾ ಕೂದಲು ಅವನಿಗೆ. ಒಂದು ಫೋಟೋ ಇಲ್ಲ, ಅಂಗಿ ಇಲ್ಲ, ಎಲ್ಲಾ ಅವನ ಜೊತೆಗೇ ಮಣ್ಣಿಗೆ ಹಾಕಿದ್ರು. ನಾನು ಒಂದು ಎಳೆ ಕೂದಲು ಕತ್ತರಿಸಿ ಸಂತಮ್ಮನ ಹಿಂದೆ ಇಟ್ಟೆ. ತಪ್ಪು, ಸಂತರ ಜೊತೆ ಹಂಗೆಲ್ಲ ಇಡಬಾರದು, ಪಾದ್ರಿಗಳು ಬೈತಾರೆ. ಅದಕ್ಕೇ ಯಾರ ಕೈಗೂ ಕೊಡ್ಲಿಲ್ಲ. ನಿಂಗೂ ಹೇಳ್ಲಿಲ್ಲ."

ಕಡ್ಡಿ ಪದಕವನ್ನು ಮತ್ತೆ ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಅವನ ಕೂದಲ ಬಣ್ಣ ಮರ್ತೋಗಿದೆ ನಂಗೆ," ಎಂದರು ಅತ್ತೆ. "ಕಪ್ಪಿತ್ತಾ, ಕಂದಿತ್ತಾ, ಎಷ್ಟು ನೆನೆಸಿಕೊಂಡ್ರೂ ಬರಲ್ಲ. ನೋಡೋಕೆ ಧೈರ್ಯಾನೂ ಇರ್ಲಿಲ್ಲ ಇಷ್ಟು ದಿನ. ಈಗ ಈ ಮಗು ತಲೆ ನೋಡಿದ್ನಲ್ಲ... ಅದೇ ಅನ್ನಿಸ್ತು. ಒಂದ್ಸಲ ಪಕ್ಕದಲ್ಲಿಟ್ಟು ನೋಡ್ಬೇಕು ಮಗಾ. ಬಿಚ್ಚು."

ಬಿಚ್ಚಿದಳು. ಬಾಯಿ ಬಿಡಲು ಆಗದ್ದಕ್ಕೆ ಕೈ ಆ ಕೆಲಸ ಮಾಡಿತು. ಕೊಕ್ಕೆಗಳು ಒಂದೊಂದಾಗಿ ಎದ್ದವು, ಮುಚ್ಚಳ ಅತ್ತೆಯ ಅಂಗೈಗೆ ಬಿತ್ತು. ಅತ್ತೆ ಗೂಡಿನೊಳಗೆ ನೋಡಿದರು. ಕಿಟಕಿಯ ಬೆಳಕು ಬೆಳ್ಳಿಯ ತಳಕ್ಕೆ ಬಡಿದು ಅವರ ಗಲ್ಲದ ಮೇಲೆ ಬಿತ್ತು. ಬೆರಳ ತುದಿಯಿಂದ ಒಳಗೆ ತಡವಿದರು. ಪದಕವನ್ನು ಅಂಗೈ ಮೇಲೆ ಬೋರಲು ಹಾಕಿ ತಟ್ಟಿದರು. ಆಮೇಲೆ ಸೀರೆಯ ನೆರಿಗೆ ನೋಡಿಕೊಂಡರು, ಕಾಲ ಬುಡದ ನೆಲ ನೋಡಿದರು, ಮೆಲ್ಲಗೆ ಬಗ್ಗಿ ಕೂತು ಆಸ್ಪತ್ರೆಯ ಹಾಸುಗಲ್ಲಿನ ಸಂದಿಯಲ್ಲಿ ಕೈಯಾಡಿಸತೊಡಗಿದರು.

"ಬಿತ್ತೇನೋ... ಜರುಗು ಮಗಾ, ತುಳೀಬೇಡ, ಇಲ್ಲೇ ಬಿದ್ದಿರ್ಬೇಕು..."

"ಅತ್ತೆ, ಹುಡುಕ್ಬೇಡಿ." ಕಡ್ಡಿಯೂ ಅವರ ಎದುರು ನೆಲಕ್ಕೆ ಕೂತಳು. "ಇಲ್ಲ ಅದು. ಸುಟ್ಟೋಯ್ತು. ನಾನೇ ಸುಟ್ಟೆ. ಬೆಸುಗೆ ಹಾಕುವಾಗ ಇಡೀ ಪದಕ ಕಾಯಿಸ್ಬೇಕು ಅತ್ತೆ, ಒಳಗೆ ಏನಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಸಂತಮ್ಮನ ಕೂದಲು ಅಂದ್ಕೊಂಡೆ. ತೊಳ್ದೂಬಿಟ್ಟೆ. ಆಮೇಲೆ ಬಿಚ್ಚಿ ನೋಡ್ದೆ. ನಿಮ್ಹತ್ರ ಸುಳ್ಳು ಹೇಳ್ದೆ."

ಅತ್ತೆಯ ಕೈ ಹಾಸುಗಲ್ಲಿನ ಮೇಲೆ ನಿಂತುಹೋಯಿತು. ಅವರು ತಲೆಯೆತ್ತಲಿಲ್ಲ. ಮೆಟ್ಟಿಲಲ್ಲಿ ಯಾರೋ ಹತ್ತಿಹೋದರು, ಇಬ್ಬರು ಹೆಂಗಸರು ನೆಲದಲ್ಲಿ ಕೂತದ್ದನ್ನು ನೋಡಿ ಸುತ್ತುಹಾಕಿ ನಡೆದರು. ಒಳಗೆಲ್ಲೋ ಮಗು ಅಳುತ್ತಿತ್ತು, ಅದು ಅವರ ಮಗುವೇ ಇರಬಹುದು.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದರು ಅತ್ತೆ ಕೊನೆಗೆ.

"ವಾಸನೆ ಬಂತು ಅತ್ತೆ."

ಆಗ ಅತ್ತೆ ತಲೆಯೆತ್ತಿದರು. ಕಡ್ಡಿ ಆ ಮುಖವನ್ನು ನೋಡಿ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿರಲಿಲ್ಲ. ಅದರಲ್ಲಿ ಕೋಪವಿದ್ದರೆ ತಡೆದುಕೊಳ್ಳುತ್ತಿದ್ದಳು. ಅತ್ತೆಯ ಕೈ ಮೇಲೆದ್ದಿತು. ಹೊಡೆಯುತ್ತಾರೆ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೊಡೆಯಲಿ ಎಂದು ಕೆನ್ನೆಯನ್ನು ಮುಂದೆ ತಂದಳು.

ಹೊಡೆಯಲಿಲ್ಲ. ಅತ್ತೆ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬೆರಳುಗಳನ್ನು ಬಿಡಿಸಿದರು, ಬಿಡಿಸಿ ತಮ್ಮ ಮೂಗಿಗೆ ಒತ್ತಿಕೊಂಡರು. ಉಸಿರು ಎಳೆದರು. ಬಿಟ್ಟರು. ಮತ್ತೆ ಎಳೆದರು. ಆಸ್ಪತ್ರೆಯ ಸೋಪಿನ ವಾಸನೆ ಬಿಟ್ಟು ಅಲ್ಲಿ ಏನೂ ಇರಲಿಲ್ಲ ಎಂದು ಕಡ್ಡಿಗೆ ಗೊತ್ತಿತ್ತು. ಅತ್ತೆ ಮಾತ್ರ ಬೆರಳು ಬಿಡಲಿಲ್ಲ.